ಸುರಂಗದಲ್ಲಿ ಅತ್ತೆಯ ಉತ್ತರ

ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಕ್ಷಮಿಸಿ. ಮನೆಯಲ್ಲಿ ಬೇರೆ ಯಾರೂ ಬಾಯಿ ಬಿಡುತ್ತಿಲ್ಲ. ಕ್ರಿಸ್‌ಮಸ್ ರಜೆಗೆ ಅತ್ತೆ, ಮಾವ, ನನ್ನ ಗಂಡ, ಮಗಳು, ನಾನು ಥೀಮ್ ಪಾರ್ಕಿಗೆ ಹೋಗಿದ್ದೆವು. ಮಾವನಿಗೆ ಈಚೆಗೆ ಮರೆವು. ಎದ್ದು ಎತ್ತಲೋ ನಡೆದುಬಿಡುತ್ತಾರೆ. ಅವರ ಮೇಲೆ ಕಣ್ಣಿಡುವ ಹೊಣೆ ನನ್ನದಾಗಿತ್ತು.

ಹಿಮದ ಸುರಂಗದ ಪುಟಾಣಿ ರೈಲಿನಲ್ಲಿ ಅತ್ತೆ, ಮಾವ ನಮ್ಮ ಹಿಂದಿನ ಸೀಟಿನಲ್ಲಿ ಕೂತರು. ನಡುದಾರಿಯಲ್ಲಿ ದೀಪಗಳೆಲ್ಲ ಆರಿ ರೈಲು ನಿಂತಿತು. ಕ್ರಿಸ್‌ಮಸ್ ಹಾಡು ಮಾತ್ರ ನಿಲ್ಲಲಿಲ್ಲ.

“ಮಾವ, ಇದ್ದೀರಾ?” ಎಂದೆ.

“ಇದ್ದಾರೆ ಕಣೇ. ನನ್ನ ಕಟ್ಕೊಂಡವರು ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತಾರೆ?” ಎಂದರು ಅತ್ತೆ. ನನ್ನ ಗಂಡ ನಕ್ಕರು.

ನಮ್ಮ ಮನೆಯಲ್ಲಿ ಮಾವನನ್ನು ಏನು ಕೇಳಿದರೂ ಉತ್ತರ ಅತ್ತೆಯದೇ. ಹಸಿವಾಗಿದೆಯೋ, ಮಂಡಿ ನೋಯುತ್ತಿದೆಯೋ, ಎಲ್ಲಕ್ಕೂ. ಆ ರೂಢಿಯಿಂದಲೇ ನಾನು ಹಿಂದಕ್ಕೆ ಕೈ ಚಾಚಿ ನೋಡಲಿಲ್ಲ.

ರೈಲು ಬೆಳಕಿಗೆ ಬಂದಾಗ ಅತ್ತೆಯ ಪಕ್ಕ ಖಾಲಿಯಿತ್ತು. ಸೀಟಿನ ಅಡ್ಡಕಂಬಿ ಹಾಕಿದ್ದು ಹಾಕಿದಂತೆಯೇ ಇತ್ತು.

“ಇಲ್ಲೇ ಇದ್ದಾರಲ್ಲೇ,” ಎಂದು ಅತ್ತೆ ಆ ಜಾಗವನ್ನು ತಟ್ಟಿದರು.

ಪಾರ್ಕಿನವರು ದೀಪ ಹಾಕಿ ಸುರಂಗವನ್ನೆಲ್ಲ ಹುಡುಕಿದರು. ಆಮೇಲೆ ಪೊಲೀಸರೂ ಹುಡುಕಿದರು. ಮಾವ ಇನ್ನೂ ಸಿಕ್ಕಿಲ್ಲ. ನಾನು ಕೇಳಿದಾಗ ಅವರು ಅಲ್ಲಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.