ಮೂರು ನಿಮಿಷದ ಬೈಗುಳ

ಕುದೇರಿನ ಶಿವರುದ್ರಮ್ಮ ಒಬ್ಬಟ್ಟಿನ ಫೋಟೊವೊಂದನ್ನು ನಲವತ್ತು ಮಂದಿ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು. ಅದರ ಕೆಳಗೆ ಉಮ್ಮತ್ತೂರಿನ ನಾದಿನಿ ಮಹಾಲಕ್ಷ್ಮಮ್ಮ ‘ಒಬ್ಬಟ್ಟೋ ಹಪ್ಪಳವೋ’ ಎಂದು ಬರೆದಳು. ಬೆಳಗ್ಗೆ ಎದ್ದು ಅದನ್ನು ಓದಿದ ಶಿವರುದ್ರಮ್ಮನಿಗೆ ಮೈ ಉರಿದುಹೋಯಿತು. ಮೂರು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ಚೆನ್ನಾಗಿ ಉಗಿದು ಅದೇ ಗ್ರೂಪಿಗೆ ಕಳಿಸಿದರೆ, ಅದು ಹೋಗಲೇ ಇಲ್ಲ. ಪಕ್ಕದಲ್ಲಿ ಗಡಿಯಾರದ ಗುರುತು ಕೂತುಬಿಟ್ಟಿತು. ಎಲ್ಲೋ ಆದ ಗಲಾಟೆ ಹಬ್ಬೀತೆಂದು ಸರ್ಕಾರ ಆಗಷ್ಟೇ ಜಿಲ್ಲೆಯಲ್ಲೆಲ್ಲ ಇಂಟರ್ನೆಟ್ ನಿಲ್ಲಿಸಿತ್ತಂತೆ.

ಮಾಮೂಲಿ ಕರೆ ಹೋಗುತ್ತಿತ್ತು. ಆದರೆ ಕರೆಯಲ್ಲಿ ನಾದಿನಿ ನಡುವೆ ಬಾಯಿ ಹಾಕುತ್ತಾಳೆ. ಹತ್ತು ಗಂಟೆಯವರೆಗೆ ಕಾದು ನೋಡಿ, ಶಿವರುದ್ರಮ್ಮ ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದಳು.

ಮಹಾಲಕ್ಷ್ಮಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಅತ್ತಿಗೆಯನ್ನು ಕಂಡು ಚೊಂಬಿನಲ್ಲಿ ನೀರು ತಂದುಕೊಟ್ಟಳು. ಆ ನೀರು ಕುಡಿದದ್ದೇ ತಪ್ಪಾಯಿತು. ಕೊಟ್ಟವಳನ್ನು ಬೈಯಲು ನಾಲಿಗೆ ಏಳಲಿಲ್ಲ. ಶಿವರುದ್ರಮ್ಮ ಫೋನ್ ತೆಗೆದು, ಆ ಮೆಸೇಜನ್ನೇ ಒತ್ತಿ, ಮುಂದೆ ಹಿಡಿದಳು.

‘ನಿಮ್ಮನೆ ಗೃಹಪ್ರವೇಶದ ಪಾಯ್ಸಕ್ಕೆ ಚಮ್ಚ ಬೇಕಿರ್ನಿಲ್ಲ ಕಣಮ್ಮಿ, ಸ್ಟ್ರಾ ಸಾಕಾಗಿತ್ತು’ ಎಂದು ಫೋನು ಶುರು ಮಾಡಿತು. ನಾದಿನಿ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ಕೇಳಿದಳು. ನಡುವೆ ಒಂದು ಕಡೆ ಬೈಗುಳ ನಿಂತು, ಹಾಲಿಗೆ ಬಾಯಿಟ್ಟ ಬೆಕ್ಕನ್ನು ಗದರಿಸಿ ಓಡಿಸಿ, ಬಿಟ್ಟಲ್ಲಿಂದಲೇ ಮುಂದುವರಿಯಿತು. ಅಲ್ಲಿ ಮೊದಲು ನಕ್ಕವಳು ಶಿವರುದ್ರಮ್ಮನೇ.

‘ಪಾಯ್ಸದ್ದು ದಿಟ ಕಣತ್ಗೆ,’ ಮಹಾಲಕ್ಷ್ಮಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ‘ಜನ ಜಾಸ್ತಿ ಆಗ್ಬುಟ್ರು. ನಾನೇ ಎರಡು ಕೊಡ ನೀರು ಉಯ್ದೆ. ಯಾರ್ಗೂ ಏಳ್ಬ್ಯಾಡ.’

ಉಂಡು ಎದ್ದು ಇಬ್ಬರೂ ಮತ್ತೆ ಜಗಲಿಗೆ ಬಂದರು. ಮೂರು ಗಂಟೆಗೆ ನೆಟ್ ಬಂತು. ಅಳಿಸಬೇಕೆಂದು ಶಿವರುದ್ರಮ್ಮನಿಗೆ ಹೊಳೆಯುವಷ್ಟರಲ್ಲಿ ಮೆಸೇಜು ತಾನಾಗಿ ಹೊರಟು ನಲವತ್ತು ಮಂದಿಯನ್ನೂ ತಲುಪಿತ್ತು. ಎರಡು ಫೋನುಗಳೂ ಒಂದೇ ಸಮನೆ ಬಡಿದುಕೊಂಡವು. ಏನೆಂದು ಹೇಳುವುದೆಂದು ತಿಳಿಯದೆ ಇಬ್ಬರೂ ಎತ್ತಲಿಲ್ಲ. ಎತ್ತದ್ದರಿಂದ ನೆಂಟರಿಗೆ ಇನ್ನಷ್ಟು ಗಾಬರಿಯಾಗಿ, ಶಿವರುದ್ರಮ್ಮನ ಮೈದುನ ರಾಜಶೇಖರ್ ಚಾಮರಾಜನಗರದಿಂದ ಬೈಕಿನಲ್ಲಿ ಹಾರಿ ಬಂದ. ಅಕ್ಕ, ಅತ್ತಿಗೆ ಒಂದೇ ಮೊರದ ಆಚೀಚೆ ಕೂತಿದ್ದನ್ನು ಕಂಡು ಹೆಲ್ಮೆಟ್ಟನ್ನೂ ತೆಗೆಯದೆ ನಿಂತ.

‘ಬುಡ್ಸಾಕೆ ತಾನೆ ಬಂದಿರದು? ಕೂತ್ಕಳ್ಲಾ,’ ಎಂದು ಅಕ್ಕ ಮೊರವನ್ನು ಅವನತ್ತ ತಳ್ಳಿದಳು. ‘ಇನ್ನೂ ಅರ್ಧ ಮೂಟೆ ಅದೆ.’

ಸಂಜೆ ಶಿವರುದ್ರಮ್ಮ ಅದೇ ಬೈಕಿನ ಹಿಂದೆ ಕೂತು, ಮಡಿಲಲ್ಲಿ ಒಂದು ಚೀಲ ಅವರೆಕಾಳಿಟ್ಟುಕೊಂಡು ಊರಿಗೆ ಹೊರಟಳು.