ಮಾವನ ಕೈ

ಹೆದ್ದಾರಿಯಲ್ಲಿ ತೊಂಬತ್ತು ದಾಟಿದರೆ ಸ್ಟೀರಿಂಗ್ ನಡುಗುತ್ತದೆ ಎಂದು ಮಾವ ಕಾರು ತಂದಾಗ, ಟೈರ್ ಅಂಗಡಿಯ ಅಳಿಯನಿಗೆ ಎಲ್ಲಿಲ್ಲದ ಕೋಪ ಬಂತು. ಚಕ್ರಗಳಿಗೆ ಬ್ಯಾಲೆನ್ಸಿಂಗ್ ಮಾಡಿದ್ದವನು ಅವನೇ.

"ನಡುಗ್ತಿರೋದು ಸ್ಟೀರಿಂಗ್ ಅಲ್ಲ ಮಾವ, ನಿಮ್ಮ ಕೈ."

ಗಿರಾಕಿಗಳು ನಕ್ಕರು. ಮಾವ ಕೀಲಿ ಮೇಜಿನ ಮೇಲಿಟ್ಟು ನಡೆದೇ ಹೋದರು.

ವಾರ ಕಳೆದರೂ ಅವರು ಕಾರು ಕೇಳಲಿಲ್ಲ. ಬಿಟ್ಟುಬರೋಣವೆಂದು ಅಳಿಯನೇ ಹೊರಟ. ಹೆದ್ದಾರಿಯಲ್ಲಿ ತೊಂಬತ್ತು ದಾಟಿದ್ದೇ ತಡ, ಸ್ಟೀರಿಂಗ್ ಅವನ ಕೈಯಲ್ಲೂ ಗಡಗಡ ನಡುಗಿತು. ಬದಿಗೆ ನಿಲ್ಲಿಸಿ ಮುಂದಿನ ಚಕ್ರ ಬಿಚ್ಚಿದ. ಬ್ಯಾಲೆನ್ಸಿಂಗ್ ಮಾಡುವಾಗ ರಿಮ್ಮಿನ ಕೆಸರು ಒರೆಸದೆ ಅವನು ತೂಕಕ್ಕೆಂದು ಅಂಟಿಸಿದ್ದ ಸೀಸದ ತುಂಡು ಉದುರಿಹೋಗಿತ್ತು.

ಯಾವ ಮುಖ ಹೊತ್ತು ಹೋಗುವುದೆಂದು ತಿಳಿಯದೆ ಮಾವನ ಮನೆಯ ಬಾಗಿಲು ತಟ್ಟಿದ. ಅವನು ಬಾಯಿ ತೆರೆಯುವ ಮೊದಲೇ ಮಾವ ಎರಡೂ ಕೈ ಮುಂದೆ ಚಾಚಿದರು.

"ನೋಡಿ ಅಳಿಯಂದ್ರೆ, ಡಾಕ್ಟರ ಹತ್ರ ಹೋಗಿ ಮಾತ್ರೆ ತಗೋತಿದೀನಿ. ಈಗ ನಡುಗ್ತಿಲ್ಲ ಅಲ್ವಾ?"