ಗುರುವಾರದ ಓದುಗರು

ಅಕ್ಕ ತೀರಿಕೊಂಡು ಮೂರು ವಾರವಾಗಿತ್ತು. ಗ್ರಂಥಾಲಯದ ಮುಖ್ಯಸ್ಥರು ನನ್ನ ಹೊಲಿಗೆ ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಒಂದು ಚೀಟಿ ತೆಗೆದರು. ಅವರದು ಮೆಲುದನಿ. ಇಪ್ಪತ್ತು ವರ್ಷ ‘ಸದ್ದು ಮಾಡಬೇಡಿ’ ಅಂತ ಹೇಳಿ ಹೇಳಿ ಅವರ ಸದ್ದೇ ಅಡಗಿಹೋಗಿದೆ ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ನಾನು ಮೆಷಿನ್ ನಿಲ್ಲಿಸಿ ಕಿವಿಗೊಟ್ಟೆ.

“ಭಾನುವಾರ ಬೆಳಿಗ್ಗೆ ಮಕ್ಕಳ ಕೋಣೆಯಲ್ಲೇ ಒಂದು ಸಭೆ ಇಟ್ಕೊಂಡಿದ್ದೀವಿ. ಒಂದು ನಿಮಿಷ ಮೌನ. ಆಮೇಲೆ ಅಲ್ಲಿ ಓದಿ ಬೆಳೆದವರು ಒಂದೆರಡು ಮಾತಾಡ್ತಾರೆ. ಕೊನೆಗೆ ನೀವು.”

“ಅವಳ ಬಗ್ಗೆ ನಾನು ಬಾಯಿ ಬಿಟ್ರೆ ನಿಮ್ಮ ಸಭೆ ಕೆಡುತ್ತೆ.”

“ಒಳ್ಳೇದು ಹೇಳಿದ್ರೆ ಸಾಕು.”

“ಕಷ್ಟ ಇರೋದೇ ಅಲ್ಲಿ.”

ಅವರು ನಗಲಿಲ್ಲ. ಚೀಟಿ ನೋಡಿಕೊಂಡು, “ಅವರ ಕನ್ನಡಕ ಬೇಕಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಡೋಣ ಅಂತ” ಎಂದರು. ನಾನು ತಲೆ ತಗ್ಗಿಸಿ ಗುಂಡಿಗಳ ಡಬ್ಬಿಯಲ್ಲಿ ಏನೋ ಹುಡುಕುವವಳಂತೆ ಮಾಡಿದೆ. ನಗು ತಡೆಯಲು ಬೇರೆ ದಾರಿ ಕಾಣಲಿಲ್ಲ.

ಅಕ್ಕ ನಾಲ್ಕೂ ಮುಕ್ಕಾಲು ಅಡಿ ಎತ್ತರದವಳು. ಮಕ್ಕಳು ಅವಳನ್ನು ‘ದೊಡ್ಡಕ್ಕ’ ಎಂದು ಕರೆಯುತ್ತಿದ್ದರು. ಹೆಸರಿಟ್ಟವರು ಯಾರೋ, ಇಟ್ಟಾಗ ಖಂಡಿತ ನಗುತ್ತಿದ್ದಿರಬೇಕು, ಏಕೆಂದರೆ ಹನ್ನೊಂದು ದಾಟಿದ ಪ್ರತಿ ಮಗುವೂ ಅವಳನ್ನು ಕತ್ತು ಬಗ್ಗಿಸಿಯೇ ಮಾತಾಡಿಸಬೇಕಿತ್ತು. ಗ್ರಂಥಾಲಯದ ಮಕ್ಕಳ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ವಾರ ತಪಾಸಣೆಗೆ ಬಂದ ಅಧಿಕಾರಿಯೊಬ್ಬ ಅವಳ ಗಲ್ಲ ತಟ್ಟಿ, “ನಿಮ್ಮ ಮೇಡಂ ಎಲ್ಲಿ ಮರಿ?” ಎಂದು ಕೇಳಿದನಂತೆ. ಸಂಜೆ ಅವಳು ಮನೆಗೆ ಬಂದದ್ದು ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ ಹಾಕಿಕೊಂಡು. ಅದರೊಳಗೆ ಇದ್ದದ್ದು ಬರೀ ಕಿಟಕಿ ಗಾಜು. “ಮುಖಕ್ಕೆ ಸ್ವಲ್ಪ ವಯಸ್ಸು ಬೇಕಿತ್ತು” ಅಂದಳು. ನಾನು ಒಂದು ವಾರ ನಕ್ಕೆ. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಎಪ್ಪತ್ತು ದಾಟಿದ ಮೇಲೂ ನನ್ನ ಸೂಜಿಗಳಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ಅವಳೇ, ಅದೂ ದೀಪ ಹಾಕದೆ.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೇ ಇದ್ದದ್ದು. ಮದುವೆಯಾಗಲಿಲ್ಲ ಅನ್ನುವುದಕ್ಕಿಂತ ಇಬ್ಬರಿಗೂ ಪುರುಸೊತ್ತಾಗಲಿಲ್ಲ ಅನ್ನಬೇಕು. ಅವಳ ಜೊತೆ ಬಾಳುವುದು ಸುಲಭವಿರಲಿಲ್ಲ. ಹಾಲು ಕಾಯಿಸಲು ಇಟ್ಟು ಪುಸ್ತಕ ಹಿಡಿದರೆ ಪಾತ್ರೆ ಕರಕಲಾಗಿ, ವಾಸನೆ ನನ್ನ ಅಂಗಡಿಗೆ ಇಳಿದು ಬರಬೇಕಿತ್ತು. ಮಕ್ಕಳು ಪುಸ್ತಕ ಒಂದು ದಿನ ತಡ ಮಾಡಿದರೆ ಮುಖ ಊದಿಸುವವಳು, ಬಣ್ಣದ ಕಾಗದ ಕತ್ತರಿಸಲೆಂದು ನನ್ನಿಂದ ಒಯ್ದ ಏಳು ಕತ್ತರಿಗಳಲ್ಲಿ ಒಂದನ್ನೂ ವಾಪಸು ತರಲಿಲ್ಲ. ನಾಳೆ ಮಕ್ಕಳಿಗೆ ಓದುವ ಕಥೆಯನ್ನು ಇವತ್ತು ಮನೆಯಲ್ಲಿ ಎಲ್ಲ ಪಾತ್ರಗಳ ದನಿ ತೆಗೆದು ಓದುತ್ತಿದ್ದಳು. ಒಮ್ಮೆ ಅವಳ ರಾಕ್ಷಸ ಕೂಗಿದ್ದು ಕೇಳಿ, ನಮ್ಮ ಮನೆಗೆ ಯಾರೋ ನುಗ್ಗಿದ್ದಾರೆಂದು ಎದುರುಮನೆಯವರು ಕೋಲು ಹಿಡಿದು ಬಂದಿದ್ದರು. ನಿವೃತ್ತಿಯಾದ ಮೇಲಾದರೂ ಸ್ವಲ್ಪ ಶಾಂತಿ ಸಿಗುತ್ತದೆಂದುಕೊಂಡಿದ್ದೆ. ನಿವೃತ್ತಿಯ ಮಾರನೆಯ ದಿನವೇ ಅವಳು ಎಂದಿನ ಹೊತ್ತಿಗೆ ಗ್ರಂಥಾಲಯಕ್ಕೆ ಹೊರಟಳು. “ಸಂಬಳ ನಿಂತಿದೆ, ಕಾಲು ನಿಂತಿಲ್ಲ” ಅಂದಳು. ಹದಿನಾಲ್ಕು ವರ್ಷ ಹಾಗೇ ಹೋದಳು, ಎದೆಯ ಕಾಯಿಲೆ ಬಂದು ಆಸ್ಪತ್ರೆಯಲ್ಲಿ ಮಲಗುವವರೆಗೆ. ಅಲ್ಲಿ ಹತ್ತು ದಿನ ಇದ್ದಳು. ಅಷ್ಟೇ.

ಭಾನುವಾರ ಮಕ್ಕಳ ಕೋಣೆ ತುಂಬಿಹೋಗಿತ್ತು. ದೊಡ್ಡವರೆಲ್ಲ ಮಕ್ಕಳ ಕುರ್ಚಿಗಳಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತಿದ್ದರು. ಮೇಜಿನ ಮೇಲೆ ಒಂದು ಬಿಳಿ ಬಟ್ಟೆ, ಅದರ ಮೇಲೆ ಕನ್ನಡಕ.

ಮೊದಲು ಮಾತಾಡಿದವಳು ಹಲ್ಲಿನ ಡಾಕ್ಟರು. “ನನಗೆ ಆಗ ಎಂಟು ವರ್ಷ. ದೊಡ್ಡಕ್ಕ ಕನ್ನಡಕ ಎಲ್ಲೋ ಮರೆತು ಬಂದಿದ್ರು. ‘ಇದೊಂದು ಸಾಲು ಓದಿ ಹೇಳ್ತೀಯಾ ಪುಟ್ಟಿ’ ಅಂತ ಕೇಳಿದ್ರು. ಪಾಪ, ಪದೇ ಪದೇ ಮರೀತಿದ್ರು. ಒಂದು ವರ್ಷ ನಾನೇ ಅವರಿಗೆ ಓದಿ ಹೇಳಿದೆ. ಅವರ ಕಷ್ಟ ನೋಡಿ ಕಣ್ಣಿನ ಡಾಕ್ಟರ್ ಆಗಬೇಕು ಅಂದ್ಕೊಂಡಿದ್ದೆ. ಸೀಟು ಸಿಕ್ಕಿದ್ದು ಹಲ್ಲಿಗೆ.”

ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದೆ.

ನಂತರ ಬಸ್ ಚಾಲಕ ಎದ್ದು ನಿಂತ. ಚಿಕ್ಕವನಿದ್ದಾಗ ಅವನೂ ಓದಿ ಹೇಳಿದ್ದನಂತೆ. ಆ ಮರುಕಕ್ಕೆ, ಮುಂದೆ ಬಸ್ ಓಡಿಸಲು ಶುರುಮಾಡಿದ ಮೇಲೆ ಅವಳನ್ನು ಕಂಡಲ್ಲೆಲ್ಲ ನಿಲ್ಲಿಸಿ, ಬಸ್ಸಿನ ನಂಬರನ್ನು ಕೂಗಿ ಹೇಳುತ್ತಿದ್ದನಂತೆ. ಒಮ್ಮೆ ಇಳಿದು ಬಂದು ಕೈಹಿಡಿದು ರಸ್ತೆ ದಾಟಿಸಿದ್ದನ್ನು ಹೇಳಿ ಕಣ್ಣೊರೆಸಿಕೊಂಡ. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಅಕ್ಕನಿಗೆ ರಸ್ತೆ ದಾಟುವ ಉದ್ದೇಶವೇ ಇರಲಿಲ್ಲ. ದಾಟಿಸಿಕೊಂಡು, ಬಸ್ಸು ಮರೆಯಾಗುವವರೆಗೆ ಕಾದು, ಮತ್ತೆ ಈಚೆ ದಾಟಿ ಮನೆಗೆ ಬಂದಿದ್ದಳು.

ಮೂರನೆಯವರು ನಲ್ಲಿ ರಿಪೇರಿ ಮಾಡುವವರು. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಬರೆದು ತಂದದ್ದನ್ನು ಬೆರಳಿಟ್ಟು ಓದಿದರು. “ನನಗೆ ಹನ್ನೆರಡು ವರ್ಷ ಇದ್ದಾಗ ಅರ್ಧ ವರ್ಷ, ವಾರಕ್ಕೊಂದು ದಿನ ದೊಡ್ಡಕ್ಕನಿಗೆ ಓದಿ ಹೇಳಿದೆ. ಅವರಿಗೆ ಕಣ್ಣು ಮಂಜಾಗಿತ್ತು. ಜೀವನದಲ್ಲಿ ನಾನು ಮಾಡಿದ ಒಂದು ದೊಡ್ಡ ಉಪಕಾರ ಅಂದ್ರೆ ಅದು.”

ಆಮೇಲೆ ನನ್ನ ಸರದಿ. ನಾನೂ ಬರೆದು ತಂದಿದ್ದೆ, ಒಳ್ಳೆಯ ಮಾತುಗಳನ್ನೇ. ಆದರೆ ಇಷ್ಟು ಕೇಳಿದ ಮೇಲೆ ನಾಲಿಗೆ ಹಿಡಿತದಲ್ಲಿ ನಿಲ್ಲಲಿಲ್ಲ. ಮೇಜಿನ ಮೇಲಿನ ಕನ್ನಡಕ ಎತ್ತಿ, “ನೀವೆಲ್ಲ ಪಾಪ ಅನ್ನೋದನ್ನ ನಿಲ್ಲಿಸಿ. ಇದು ಬರೀ ಗಾಜು” ಎಂದೆ. ಗಲ್ಲ ತಟ್ಟಿದ ಅಧಿಕಾರಿಯ ಕಥೆ ಹೇಳಿದೆ. ಸೂಜಿ ದಾರದ ಕಥೆಯನ್ನೂ ಹೇಳಿದೆ.

ಕೋಣೆಯೆಲ್ಲ ನಕ್ಕಿತು. ಡಾಕ್ಟರು ಕನ್ನಡಕ ಇಸಿದುಕೊಂಡು ಹಾಕಿ ನೋಡಿದಳು, ಪಕ್ಕದವರಿಗೆ ಕೊಟ್ಟಳು. ಅದು ಮೂಗಿನಿಂದ ಮೂಗಿಗೆ ದಾಟುತ್ತ ಬಸ್ ಚಾಲಕನ ಹತ್ತಿರ ಬಂದಾಗ ಅವನು ಹಾಕಿಕೊಳ್ಳಲಿಲ್ಲ.

“ಹಾಗಾದ್ರೆ ನಮ್ಮ ಹತ್ರ ಯಾಕೆ ಓದಿಸಿದ್ರು?” ಎಂದ. ಉತ್ತರವನ್ನೂ ತಾನೇ ಕೊಟ್ಟುಕೊಂಡ. “ನನಗೆ ಆಗ ಸರಿಯಾಗಿ ಓದೋಕೆ ಬರ್ತಿರಲಿಲ್ಲ.”

“ನನಗೂ” ಎಂದಳು ಡಾಕ್ಟರು, ಹಲ್ಲು ನೋವು ಬಂದವಳ ಹಾಗೆ ಕೆನ್ನೆ ಹಿಡಿದುಕೊಂಡು.

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಅದರ ಪಕ್ಕ ಇನ್ನೊಂದು. ಒಟ್ಟು ಒಂಬತ್ತು ಜನ. ಒಬ್ಬೊಬ್ಬರೂ ಆ ಕುರುಡು ದೊಡ್ಡಕ್ಕನನ್ನು ಉದ್ಧಾರ ಮಾಡಿದ್ದು ತಾನೊಬ್ಬನೇ, ತಾನೊಬ್ಬಳೇ ಎಂದು ನಂಬಿಕೊಂಡು ಬಂದವರು. ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲಾರಂಭಿಸಿದರು. ಮುಖ್ಯಸ್ಥರ ಗಂಟಲಿನಿಂದಲೂ ಅಂಥ ಸದ್ದು ಹೊರಟಿತೆಂದರೆ, ಸ್ವತಃ ಅವರೇ ಬೆಚ್ಚಿ ಬಾಯಿ ಮುಚ್ಚಿಕೊಂಡರು.

ನಲ್ಲಿ ರಿಪೇರಿಯವರು ನಗಲಿಲ್ಲ. ತಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿದರು. “ಅಂದ್ರೆ ಅವರಿಗೆ ಗೊತ್ತಿತ್ತು” ಎಂದು ಎದ್ದರು. ಮೊಣಕಾಲು ಮೇಜಿಗೆ ಬಡಿಯಿತು. ಅದನ್ನೂ ಉಜ್ಜಿಕೊಳ್ಳದೆ ಹೊರಗೆ ಹೋದರು.

ನನ್ನ ನಗು ಅಲ್ಲೇ ನಿಂತಿತು. ಕನ್ನಡಕ ಬರೀ ಒಣ ಜಂಬ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಯಾರು ಶಾಯಿ ಚೆಲ್ಲಿದರು, ಯಾರು ಪುಟ ಹರಿದರು, ಎಲ್ಲವನ್ನೂ ಮನೆಗೆ ಬಂದು ಒದರುತ್ತಿದ್ದ ಅಕ್ಕ ಇದೊಂದನ್ನು ನನಗೂ ಹೇಳಿರಲಿಲ್ಲ. ಅವಳು ಒಂದು ಆಯುಷ್ಯ ಮುಚ್ಚಿಟ್ಟದ್ದನ್ನು ನಾನು ನಾಲ್ಕು ಜನರನ್ನು ನಗಿಸಲು ಐದು ನಿಮಿಷದಲ್ಲಿ ಚೆಲ್ಲಿಬಿಟ್ಟಿದ್ದೆ.

ಸೋಮವಾರ ಕೈ ಓಡಲಿಲ್ಲ. ಎಡಗೈ ತೋಳನ್ನು ಬಲಕ್ಕೆ ಕೂರಿಸಿ ಹೊಲಿದು, ಬಿಚ್ಚಿ, ಮತ್ತೆ ಹಾಗೇ ಹೊಲಿದೆ. ಮಧ್ಯಾಹ್ನ ಅಂಗಡಿ ಮುಚ್ಚಿ ನಲ್ಲಿ ರಿಪೇರಿಯವರನ್ನು ಹುಡುಕಿಕೊಂಡು ಹೊರಟೆ. ಅಲ್ಲಿ ಇಲ್ಲಿ ಕೇಳಿ, ಕೊನೆಗೆ ಒಂದು ಲಾಂಡ್ರಿಯ ಹಿಂಭಾಗದಲ್ಲಿ ಸಿಕ್ಕರು. ಉದ್ದನೆಯ ತೊಟ್ಟಿಯೊಂದರ ಅಡಿಯಲ್ಲಿ ಅಂಗಾತ ಮಲಗಿದ್ದರು. ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ.

“ನಾನು ದೊಡ್ಡಕ್ಕನ ತಂಗಿ” ಎಂದು ಕಾಲುಗಳಿಗೆ ಹೇಳಿದೆ.

“ದನಿ ಗೊತ್ತಾಯ್ತು. ಆ ಹದಿಮೂರನೇ ನಂಬರ್ ಸ್ಪ್ಯಾನರ್ ಕೊಡಿ.”

ಕೊಟ್ಟೆ. ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತೆ. “ನಿನ್ನೆ ನಾನು ಹಾಗೆ ಹೇಳಬಾರದಿತ್ತು. ಅವಳು ಏನು ಮಾಡ್ತಿದ್ದಳು ಅಂತ ನನಗೇ ಗೊತ್ತಿರಲಿಲ್ಲ.”

ಕೊಳವೆ ಎರಡು ಸಲ ಕಿರುಗುಟ್ಟಿತು. “ನನ್ನ ಮಕ್ಕಳಿಗೆ ಏನ್ ಹೇಳಿ ಬೆಳೆಸಿದ್ದೀನಿ ಗೊತ್ತಾ? ಕಣ್ಣು ಕಾಣದವರಿಗೆ ಓದಿ ಹೇಳಿದವನು ನಿಮ್ಮಪ್ಪ ಅಂತ. ಅವರು ಪುಸ್ತಕ ಮುಟ್ಟದೇ ಇದ್ದಾಗೆಲ್ಲ ಇದನ್ನೇ ಹೇಳಿದ್ದೀನಿ. ಈಗ ನೋಡಿದ್ರೆ, ಉಪಕಾರ ಮಾಡಿದ್ದು ಅವರು. ಆಗ ನನಗೆ ಓದೋಕೆ ಬರಲ್ಲ ಅಂತ ಯಾರಿಗೂ ತಿಳೀಬಾರದು ಅಂತ ಎಷ್ಟು ಒದ್ದಾಡ್ತಿದ್ದೆ. ಪುಸ್ತಕ ಹಿಡ್ಕೊಂಡು, ಮನಸ್ಸಲ್ಲೇ ಇಪ್ಪತ್ತು ಎಣಿಸಿ ಪುಟ ತಿರುಗಿಸ್ತಿದ್ದೆ.”

“ತಲೆಕೆಳಗಾಗಿ ಹಿಡಿದಿದ್ರೇನೋ.”

“ಇಲ್ಲ. ಚಿತ್ರ ನೋಡಿ ಸರಿಯಾಗೇ ಹಿಡೀತಿದ್ದೆ.” ದನಿಯಲ್ಲಿ ಕಸುಬುದಾರನ ಅಭಿಮಾನವಿತ್ತು. “ಆದ್ರೂ ಗೊತ್ತಾಗಿದೆ.”

ಯಾವ ಪುಸ್ತಕ ಓದಿದಿರಿ ಎಂದು ಕೇಳಿದೆ.

“ದೀಪಸ್ತಂಭ ಕಾಯೋ ಮುದುಕಿಯ ಕಥೆ. ಈ ದಪ್ಪ. ಗುರುವಾರ ಗುರುವಾರ ಓದ್ತಿದ್ದೆ.”

“ಗುರುವಾರನಾ?” ನಾನು ಬಕೆಟ್ಟಿನಿಂದ ಎದ್ದುಬಿಟ್ಟೆ. “ಆ ಗುರುವಾರದವರು ನೀವಾ?”

ಕಾಲುಗಳು ಅಲುಗಾಡುವುದು ನಿಂತಿತು.

ನಾನು ಹೇಳಿದೆ. ಆ ಅರ್ಧ ವರ್ಷ ಪ್ರತಿ ಗುರುವಾರ ರಾತ್ರಿ ಊಟಕ್ಕೆ ಕೂತಾಗ ಅಕ್ಕ ನನಗೆ ಆ ಕಥೆ ಹೇಳುತ್ತಿದ್ದಳು. ಅರ್ಧಕ್ಕೆ ನಿಲ್ಲಿಸಿದಳೆಂದು ನಾನು ಬೈದರೆ, “ಮುಂದಿನದು ನನಗೂ ಗೊತ್ತಿಲ್ಲ. ಅವರು ಬಂದು ಓದಬೇಕು” ಅನ್ನುವಳು. ಅವರು ಅಂದರೆ ಯಾರು ಎಂದರೆ, “ಬರ್ತಾರೆ ಒಬ್ಬರು. ಬಹಳ ನಿಧಾನಸ್ಥರು. ಒಂದೊಂದು ಮಾತನ್ನೂ ತೂಕ ಮಾಡಿ ಓದ್ತಾರೆ” ಅನ್ನುವಳು. ಅಕ್ಕನಿಗೆ ಆಗ ಮೂವತ್ತೊಂಬತ್ತು. ನಾನು ಏನಂದುಕೊಳ್ಳಬೇಕು? ಗಂಭೀರ ದನಿಯ, ಕಿವಿಯ ಹತ್ತಿರ ಸ್ವಲ್ಪ ನರೆತ ಒಬ್ಬ ಗಂಡಸನ್ನು ಕಲ್ಪಿಸಿಕೊಂಡೆ. ಊರಲ್ಲಿದ್ದ ಅಮ್ಮನಿಗೆ ಗುಟ್ಟಾಗಿ ಹೇಳಿದೆ. ಅಮ್ಮ ಅವರನ್ನು ಊಟಕ್ಕೆ ಯಾವಾಗ ಕರೆಯೋಣ ಎಂದು ನನ್ನ ಪ್ರಾಣ ತಿಂದಳು. ನಾನು ನೀಲಿ ಬಟ್ಟೆ ತಂದು, ಬಿಳಿ ಕಾಲರ್ ಇಟ್ಟು ಅಕ್ಕನಿಗೊಂದು ಅಂಗಿ ಹೊಲಿದು, ಗುರುವಾರ ಇದನ್ನೇ ಹಾಕಿಕೊಂಡು ಹೋಗು ಎಂದು ಹಟ ಹಿಡಿದೆ. ಅವಳು ಒಂದೂ ಮಾತಾಡದೆ ಹಾಕಿಕೊಂಡು ಹೋಗುತ್ತಿದ್ದಳು, ಕಳ್ಳಿ.

ನಲ್ಲಿಯವರು ತೊಟ್ಟಿಯಡಿಯಿಂದ ಜಾರಿಕೊಂಡು ಹೊರಬಂದರು. ಕೂದಲಲ್ಲಿ ಸಾಬೂನಿನ ನೊರೆ. “ನೀಲಿ ಅಂಗಿ ನನಗೆ ನೆನಪಿದೆ. ಅದು ನನಗೋಸ್ಕರ ಹೊಲಿದಿದ್ದಾ?”

“ನಿಮ್ಮನ್ನ ಒಪ್ಪಿಸೋಕೆ.”

ಅವರ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಗು ಬಂತು. ಇಬ್ಬರೂ ನಕ್ಕ ಸದ್ದಿಗೆ ಲಾಂಡ್ರಿಯ ಹೆಂಗಸು ಬಾಗಿಲಲ್ಲಿ ಇಣುಕಿ ಹೋದಳು.

“ಒಂದು ಮಾತು ಕೇಳಿ” ಎಂದೆ. “ಅವಳ ಕಣ್ಣು ಸರಿಯಿತ್ತು. ಪುಸ್ತಕ ಅವಳ ಮೇಜಿನ ಮೇಲೇ ಇರ್ತಿತ್ತು. ಕೊನೇ ಪುಟ ನೋಡ್ಕೊಂಡು ಬಾರೇ ಅಂತ ನಾನು ಎಷ್ಟು ಅಂಗಲಾಚಿದ್ದೀನಿ. ‘ಅವರು ಓದೋಕೆ ಮುಂಚೆ ನಾನು ಓದಿದ್ರೆ ಮೋಸ ಆಗುತ್ತೆ’ ಅಂದಳು. ಅರ್ಧ ವರ್ಷ ಅವಳೂ ನಾನೂ ನಿಮ್ಮ ಬಾಯಿ ನೋಡ್ಕೊಂಡೇ ಕೂತಿದ್ವಿ.”

ಅವರು ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದರು, ಅದು ಒದ್ದೆಯಾಗಿರಲಿಲ್ಲ. “ಹಾಗಾದ್ರೆ ಉಪಕಾರ ಆಯ್ತು ಅನ್ನಿ.”

“ನನಗಂತೂ ಆಯ್ತು. ಆದ್ರೆ ಒಂದು ಅನುಮಾನ. ಆ ಮುದುಕಿಯ ಮಗ ದೋಣಿ ಹತ್ತಿ ಸಿಟ್ಟಿನಿಂದ ಹೊರಟುಹೋಗ್ತಾನಲ್ಲ, ಯಾಕೆ? ಇವತ್ತಿಗೂ ನನಗೆ ಅರ್ಥ ಆಗಿಲ್ಲ.”

ಅವರು ನೆಲ ನೋಡಿದರು. “ಅದು ನನಗೂ ಗೊತ್ತಿಲ್ಲ. ಆ ಪುಟದಲ್ಲಿ ಒತ್ತಕ್ಷರ ಬಹಳ ಇತ್ತು. ಹಾರಿಸಿಬಿಟ್ಟೆ.”

“ಅವಳು ಏನೂ ಅನ್ನಲಿಲ್ವಾ?”

“‘ಹುಡುಗರು ಹಾಗೇ, ಕಾರಣ ಇಲ್ಲದೆ ಸಿಟ್ಟು ಮಾಡ್ಕೋತಾರೆ’ ಅಂದ್ರು.”

ಹೊರಡುವಾಗ ಅವರು ಬಾಗಿಲವರೆಗೆ ಬಂದರು. “ನನ್ನ ಮಕ್ಕಳಿಗೆ ಮಾತ್ರ ಹೇಳಬೇಡಿ. ಚಿಕ್ಕವಳೂ ಸೇರಿ ಯಾರೂ ನಿನ್ನೆ ಸಭೆಗೆ ಬಂದಿರಲಿಲ್ಲ. ಅವರ ಪಾಲಿಗೆ ದೊಡ್ಡಕ್ಕನಿಗೆ ಕಣ್ಣು ಕಾಣ್ತಿರಲಿಲ್ಲ, ಅಷ್ಟೇ.” ನಾನು ಮಾತು ಕೊಟ್ಟೆ. ಇಷ್ಟು ವರ್ಷ ಅಕ್ಕ ನಿಭಾಯಿಸಿದ ಸುಳ್ಳನ್ನು ಇನ್ನು ಸ್ವಲ್ಪ ದಿನ ನಾನೂ ನಿಭಾಯಿಸಬಹುದು ಅನ್ನಿಸಿತು.

ಹದಿನೈದು ದಿನದ ಮೇಲೆ ಆ ಚಿಕ್ಕವಳೇ ಅಂಗಡಿಗೆ ಬಂದಳು. ಹನ್ನೆರಡರ ಹುಡುಗಿ, ಶಾಲೆಯ ಸಮವಸ್ತ್ರ ಗಿಡ್ಡವಾಗಿತ್ತು, ಅಂಚು ಬಿಚ್ಚಿ ಇಳಿಸಬೇಕಿತ್ತು. ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತುಟಿಗಳ ಮಧ್ಯೆ ಪಿನ್ನು ಕಚ್ಚಿಕೊಂಡು ಅಂಚು ಸುತ್ತುತ್ತಿದ್ದೆ.

“ದೊಡ್ಡಕ್ಕನಿಗೆ ನಿಜವಾಗ್ಲೂ ಕಣ್ಣು ಕಾಣ್ತಿರಲಿಲ್ವಾ?” ಎಂದು ಮೇಲಿನಿಂದ ಪ್ರಶ್ನೆ ಬಂತು.

“ಹ್ಞೂಂ” ಎಂದೆ. ಬಾಯಲ್ಲಿ ಪಿನ್ನಿದ್ದರೆ ಸುಳ್ಳು ಹೇಳುವುದು ಸುಲಭ.

“ಸುಮ್ನಿರಿ. ನನ್ನ ಹತ್ರಾನೂ ಓದಿಸಿದ್ರು, ಎರಡನೇ ಕ್ಲಾಸಲ್ಲಿ. ಒಂದಿನ ಕನ್ನಡಕ ಕಳೆದಿದೆ ಅಂದ್ರು. ಆಮೇಲೆ ಕಿಟಕಿಯಿಂದ ನೋಡಿ, ‘ನಿನ್ನ ಬಸ್ಸು ಬಂತು, ಓಡು’ ಅಂದ್ರು. ಬಸ್ಸು ಇನ್ನೂ ಆ ತುದೀಲಿತ್ತು.”

ನಾನು ಪಿನ್ನುಗಳನ್ನು ಬಾಯಿಂದ ತೆಗೆದೆ. “ಮತ್ತೆ ಅವಳಿಗೆ ಹೇಳಲಿಲ್ವಾ?”

“ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರು. ಬೇಜಾರು ಮಾಡ್ಕೋತಾರೆ ಅಂತ ಪೂರ್ತಿ ಪುಸ್ತಕ ಓದಿ ಮುಗಿಸಿದೆ.” ಅವಳು ತಗ್ಗಿ ನನ್ನ ಮುಖ ನೋಡಿದಳು. “ಅಪ್ಪನಿಗೆ ಮಾತ್ರ ಹೇಳಬೇಡಿ. ಅವರು ಇನ್ನೂ ನಂಬಿದ್ದಾರೆ.”

ಹೇಳಲ್ಲ ಎಂದೆ. ಬಗ್ಗಿದರೆ ಅಂಚು ಸೊಟ್ಟಗಾಗುತ್ತದೆ, ನೆಟ್ಟಗೆ ನಿಲ್ಲು ಎಂದು ಹೇಳಿ, ಪಿನ್ನು ಮತ್ತೆ ಬಾಯಿಗೆ ಸೇರಿಸಿದೆ.